ಸೊಲ್ಲಾಪುರದಿಂದ ಹೊರಟು ಚೀನಾದಲ್ಲಿ ಉಳಿದ ವೈದ್ಯ: ಡಾ. ಕೋಟ್ನಿಸ್

ಮಂಡಿ ನೋವಿಗೆ ಸೂಜಿ ಚುಚ್ಚಿಸಿಕೊಂಡು ಬಂದೆವು ಎನ್ನುವವರು ಈಗ ನಮ್ಮ ಕಡೆಯೂ ಸಿಗುತ್ತಾರೆ. ತೆಳ್ಳನೆಯ ಸೂಜಿಗಳನ್ನು ಮೈಯ ಗೊತ್ತಾದ ಜಾಗಗಳಲ್ಲಿ ಚುಚ್ಚುವ ಈ ಚಿಕಿತ್ಸೆಗೆ ಅಕ್ಯುಪಂಕ್ಚರ್ ಎಂದು ಹೆಸರು. ಇದು ಚೀನಾದ ಪುರಾತನ ಪದ್ಧತಿ. ಅಲ್ಲಿ ಮನುಷ್ಯರಿಗಷ್ಟೇ ಅಲ್ಲ, ಕುದುರೆ, ಎತ್ತುಗಳಿಗೂ ಸೂಜಿ ಹಾಕುತ್ತಿದ್ದರು. ಕುದುರೆಗಳ ಚಿಕಿತ್ಸೆಯನ್ನೇ ವಿವರಿಸುವ ಹೆಸರಾಂತ ಚೀನೀ ಗ್ರಂಥವೊಂದು 1608ರಷ್ಟು ಹಿಂದಿನದು. ಇಂದು ಹಲವು ದೇಶಗಳಲ್ಲಿ ಸೊಂಟ ನೋವಿರುವ ಸಾಕುನಾಯಿಗಳಿಗೂ ಪಶುವೈದ್ಯರು ಈ ಚಿಕಿತ್ಸೆ ಕೊಡುತ್ತಾರೆ.

ಪಂಜಾಬಿನ ಲೂಧಿಯಾನದಲ್ಲಿ ಒಂದು ಅಕ್ಯುಪಂಕ್ಚರ್ ಆಸ್ಪತ್ರೆಯಿದೆ. ಅದಕ್ಕೆ ಡಾ. ಕೋಟ್ನಿಸ್ ಅವರ ಹೆಸರಿದೆ. ಆದರೆ ಕೋಟ್ನಿಸ್ ಹೆಸರಾದದ್ದು ಸೂಜಿ ಚಿಕಿತ್ಸೆಯಿಂದಲ್ಲ, ಅವರು ಶಸ್ತ್ರಚಿಕಿತ್ಸಕರು. ಹಾಗಾದರೆ ಆ ಆಸ್ಪತ್ರೆಗೆ ಅವರ ಹೆಸರೇಕೆ?

ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ನಮ್ಮ ವಿಜಯಪುರದ ಗಡಿಗೆ ತಾಗಿರುವ ಸೊಲ್ಲಾಪುರದಲ್ಲಿ. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುವ ಗಿರಣಿಗಳ ಊರು ಅದು. ಮರಾಠಿ ಮನೆಯ ಈ ಹುಡುಗ ಮುಂಬಯಿಯ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ವೈದ್ಯನಾದ.

ಆಗ ಚೀನಾದ ಮೇಲೆ ಜಪಾನ್ ಯುದ್ಧ ಹೂಡಿತ್ತು. ಚೀನಾದ ಸೇನಾನಿ ಝು ದೆ ಅವರು ನೆರವು ಕೋರಿ ನೆಹರೂ ಅವರಿಗೆ ಬರೆದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶದ ಜನರಿಗೆ ಕರೆಕೊಟ್ಟರು. ನಾವೇ ಪರಾಧೀನರಾಗಿದ್ದ ಕಾಲದಲ್ಲಿ, 1938ರ ಸೆಪ್ಟೆಂಬರಿನಲ್ಲಿ, ಅಟಲ್, ಚೋಳ್ಕರ್, ಬಸು, ಮುಖರ್ಜಿ ಮತ್ತು ಕೋಟ್ನಿಸ್ ಎಂಬ ಐವರು ವೈದ್ಯರು ಮುಂಬಯಿಯಲ್ಲಿ ಹಡಗು ಹತ್ತಿದರು.

ಚೀನಾದಲ್ಲಿರುವಾಗಲೇ ಕೋಟ್ನಿಸ್ ಅವರಿಗೆ ತಂದೆ ತೀರಿಕೊಂಡ ಸುದ್ದಿ ಮುಟ್ಟಿತು. ಮನೆಗೆ ಮರಳಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮರಳಲಿಲ್ಲ. 1939ರಲ್ಲಿ ಯೆನಾನ್ ತಲುಪಿ, ಅಲ್ಲಿಂದ ಯುದ್ಧರಂಗಕ್ಕೆ ಹೋದರು. ಔಷಧಿಗಳಿಗೆ ಬರವಿತ್ತು. ಗುಡ್ಡಗಾಡಿನ ಹಳ್ಳಿಗಳಲ್ಲಿ ದೇಶೀ ಗಿಡಮೂಲಿಕೆಗಳೂ ಬಳಕೆಗೆ ಬರುತ್ತಿದ್ದವು. 1940ರ ದೊಡ್ಡ ಕಾಳಗದಲ್ಲಿ ಅವರು ನಿದ್ದೆಯಿಲ್ಲದೆ ದಿನಗಟ್ಟಲೆ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು.

ಅದೇ ಸೇನೆಯಲ್ಲಿ ಸೇವೆ ಮಾಡುತ್ತಿದ್ದ ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನ್, ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜಾಗಿ 1939ರಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸ್ ನಿರ್ದೇಶಕರಾದರು. ಚೀನೀ ಭಾಷೆ ಕಲಿತು ಅದರಲ್ಲೇ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಪಠ್ಯ ಬರೆಯತೊಡಗಿದರು. ಅದೇ ವರ್ಷದ ಕೊನೆಗೆ ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. 1942ರ ಆಗಸ್ಟ್‌ನಲ್ಲಿ ಹುಟ್ಟಿದ ಮಗನಿಗೆ ಯಿನ್‌ಹ್ವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹ್ವಾ ಎಂದರೆ ಚೀನಾ.

ಅಷ್ಟರಲ್ಲಿ ಮೂರ್ಛೆರೋಗ ಅವರನ್ನು ಹಿಡಿದಿತ್ತು. 1942ರ ಡಿಸೆಂಬರ್ 9ರಂದು ಕೋಟ್ನಿಸ್ ತೀರಿಕೊಂಡರು. ವಯಸ್ಸು ಮೂವತ್ತೆರಡು. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಬರೆಯುತ್ತಿದ್ದ ಪುಸ್ತಕ ಅರ್ಧಕ್ಕೇ ನಿಂತಿತು. 1946ರಲ್ಲಿ ವಿ. ಶಾಂತಾರಾಮ್ ಅವರ ಬದುಕನ್ನು ಹಿಂದಿ ಚಲನಚಿತ್ರವಾಗಿಸಿದರು. ಶಿಜಿಯಾಜುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಇಂದಿಗೂ ಅವರ ಪ್ರತಿಮೆಯಿದೆ.

ಐವರಲ್ಲಿ ಒಬ್ಬರಾದ ಡಾ. ಬಿಜೋಯ್ ಕುಮಾರ್ ಬಸು ಭಾರತಕ್ಕೆ ಮರಳಿದ್ದರು. 1950ರ ದಶಕದ ಕೊನೆಯಲ್ಲಿ ಅವರು ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಭಾರತಕ್ಕೆ ಈ ಚಿಕಿತ್ಸೆ ತಂದವರೆಂದು ಅವರನ್ನೇ ನೆನೆಯುತ್ತಾರೆ. ಮರಳಿ ಬಾರದ ಗೆಳೆಯನ ಹೆಸರು ಸೂಜಿ ಚಿಕಿತ್ಸೆಯ ಜೊತೆ ಸೇರಿಕೊಂಡದ್ದು ಹೀಗೆ. ಬಸು ಆಧುನಿಕ ವೈದ್ಯವನ್ನು ಬಿಟ್ಟು ಇದನ್ನು ಹಿಡಿದವರಲ್ಲ, ಅದರ ಜೊತೆಗೆ ಕಲಿತವರು. ನಾವೂ ಇದನ್ನು ಮರೆಯಬಾರದು. ನೋವಿಗೆ ಸೂಜಿ ಚಿಕಿತ್ಸೆ ನೆರವಾಗಬಹುದು, ಆದರೆ ನಾಯಿ ಕಚ್ಚಿದರೆ ಲಸಿಕೆಯೇ ಬೇಕು.

ಪ್ರಿಯ ವಿದ್ಯಾರ್ಥಿಗಳೇ, ಬ್ಯಾಕೋಡು, ತುಮರಿ ಕಡೆಯವರಿಗೆ ವೈದ್ಯರ ಬೆಲೆ ಹೇಳಿಕೊಡಬೇಕಿಲ್ಲ. ಶರಾವತಿ ಹಿನ್ನೀರಿಗೆ 2025ರಲ್ಲಿ ಸೇತುವೆ ಆಗುವವರೆಗೂ ಲಾಂಚ್ ನಿಂತ ಮೇಲೆ ಕಾಯಿಲೆ ಬಿದ್ದವರಿಗೆ ಸಾಗರ ಬಲು ದೂರವಾಗಿತ್ತು. ಈಗ ದಾರಿಯಾಗಿದೆ, ಇನ್ನು ಆ ದಾರಿಯಲ್ಲಿ ವೈದ್ಯರು ಈಚೆಗೆ ಬರಬೇಕು. ನಮ್ಮಲ್ಲಿ ಹಲವರು ನೀಟ್ ಪರೀಕ್ಷೆಗೆ ಓದುತ್ತಿದ್ದೀರಿ. ಕೋಟ್ನಿಸ್ ಭಾಷೆ ತಿಳಿಯದ ನಾಡಿಗೆ ಹೋಗಿ ಅಲ್ಲಿಯವರೇ ಆದರು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಓದು ಮುಗಿಸಿ ಊರಿಗೆ ಮರಳಿದರೂ ಸಾಕು.