ತಗಡು ಬಡಿದ ಮರಿಯಾನೆ

ಸ್ಟಡಿ ಟೇಬಲ್ ಲ್ಯಾಂಪ್‌ಗೆ ಇವತ್ತಿನ ಸರಳ ರೂಪ ಕೊಟ್ಟವರಲ್ಲಿ ಜರ್ಮನಿಯ ಮರಿಯಾನೆ ಬ್ರಾಂಟ್ ಒಬ್ಬರು. 1893ರಲ್ಲಿ ಕೆಮ್ನಿಟ್ಸ್‌ನಲ್ಲಿ ಹುಟ್ಟಿದರು. ಬೌಹೌಸ್ ಶಾಲೆಯಲ್ಲಿ ಹುಡುಗೀರಿಗೆ ನೇಯ್ಗೆಯೇ ಸರಿ ಅನ್ನೋ ರೂಢಿ. ಇವರು ಮಾತ್ರ 1924ರಲ್ಲಿ ಮೆಟಲ್ ವರ್ಕ್‌ಶಾಪ್ ಸೇರಿದರು. ಅಲ್ಲಿನ ಹುಡುಗರು ಬೇಕಂತಲೇ ಬೇಜಾರಿನ ಕೆಲಸ ಹಚ್ಚಿದರು: ತಗಡು ಬಡಿದು ಪುಟ್ಟ ಪುಟ್ಟ ಅರ್ಧಗೋಲ ಮಾಡೋದು. ಬಡಿದರು. ಅದೇ ಅರ್ಧಗೋಲದ ಆಕಾರದಲ್ಲಿ ಅವರು ಮಾಡಿದ ಟೀ ಪಾಟ್ ಈಗ ಮ್ಯೂಸಿಯಂಗಳಲ್ಲಿದೆ.

1928ರಲ್ಲಿ ಆ ವರ್ಕ್‌ಶಾಪಿನ ಹೊಣೆಯೇ ಇವರಿಗೆ ಬಂತು. ಲ್ಯಾಂಪ್ ಕಂಪನಿಗಳ ಜೊತೆ ಮಾತಾಡಿ ಡಿಸೈನ್‌ಗಳನ್ನ ಫ್ಯಾಕ್ಟರಿಗೆ ಮುಟ್ಟಿಸಿದರು. ಕಾಂಡೆಮ್ ಟೇಬಲ್ ಲ್ಯಾಂಪ್ ಹುಟ್ಟಿದ್ದು ಹಾಗೆ. ಆಮೇಲೆ ನಾಜಿಗಳ ಕಾಲ. ವರ್ಷಗಟ್ಟಲೆ ಡಿಸೈನ್ ಕೆಲಸವೇ ಸಿಗಲಿಲ್ಲ. 1983ರಲ್ಲಿ ತೀರಿಕೊಂಡರು. ಅವರು ಡಿಸೈನ್ ಮಾಡಿದ ವಸ್ತುಗಳು ಇಂದಿಗೂ ತಯಾರಾಗ್ತಿವೆ.