ಕಿಟಾಸಾಟೊ ಶಿಬಾಸಾಬುರೊ

ಕಿಟಾಸಾಟೊ ಶಿಬಾಸಾಬುರೊ (29 ಜನವರಿ 1853 – 13 ಜೂನ್ 1931) ಜಪಾನಿನ ವೈದ್ಯರು ಹಾಗೂ ಸೂಕ್ಷ್ಮಜೀವಿ ವಿಜ್ಞಾನಿ. ಧನುರ್ವಾಯುವಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು 1889ರಲ್ಲಿ ಮೊದಲ ಬಾರಿಗೆ ಇತರ ಜೀವಿಗಳ ಬೆರಕೆಯಿಲ್ಲದೆ ಪ್ರತ್ಯೇಕಿಸಿ ಬೆಳೆಸಿದವರು ಇವರು.

ಜನನ ಮತ್ತು ಶಿಕ್ಷಣ

ಇವರು ಇಂದಿನ ಕುಮಾಮೊಟೊ ಪ್ರಾಂತ್ಯದ ಒಗುನಿಯಲ್ಲಿ ಜನಿಸಿದರು. ಕುಮಾಮೊಟೊದಲ್ಲಿ ಡಚ್ ವೈದ್ಯ ಮಾನ್ಸ್‌ವೆಲ್ಟ್ ಅವರ ಬಳಿ ಕಲಿತು, 1883ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಅನಂತರ ಬರ್ಲಿನ್‌ಗೆ ತೆರಳಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯವನ್ನು ಸೇರಿದರು.

ಧನುರ್ವಾಯು ಸಂಶೋಧನೆ

1884ರಲ್ಲಿ ಜರ್ಮನಿಯ ಆರ್ಥರ್ ನಿಕೊಲೈಯರ್ ಮಣ್ಣಿನಿಂದ ಪ್ರಾಣಿಗಳಿಗೆ ಧನುರ್ವಾಯು ತಗುಲುವುದನ್ನು ತೋರಿಸಿ, ಅವುಗಳ ಗಾಯದಲ್ಲಿ ದಂಡಾಕಾರದ ಬ್ಯಾಕ್ಟೀರಿಯಾವೊಂದನ್ನು ಕಂಡಿದ್ದರು. ಆದರೆ ಅದು ಇತರ ಬ್ಯಾಕ್ಟೀರಿಯಾಗಳೊಡನೆ ಬೆರೆತೇ ಬೆಳೆಯುತ್ತಿದ್ದುದರಿಂದ ರೋಗಕ್ಕೆ ಅದೇ ಕಾರಣವೆಂದು ಸಿದ್ಧಪಡಿಸಲಾಗಲಿಲ್ಲ. ಅದು ಒಂಟಿಯಾಗಿ ಬೆಳೆಯಲಾರದು ಎಂಬ ಅಭಿಪ್ರಾಯವೂ ಇತ್ತು.

ಈ ಬ್ಯಾಕ್ಟೀರಿಯಾ ಅವಾಯುವಿಕ, ಅಂದರೆ ಆಮ್ಲಜನಕವಿರುವೆಡೆ ಬೆಳೆಯದು. ಆದರೆ ಅದರ ಬೀಜಾಣುಗಳು ಶಾಖವನ್ನು ತಾಳಬಲ್ಲವು. ಕಿಟಾಸಾಟೊ ಈ ಎರಡೂ ಗುಣಗಳನ್ನು ಬಳಸಿಕೊಂಡರು. ಗಾಯದ ಕೀವಿನಿಂದ ಬೆಳೆಸಿದ ಮಿಶ್ರಣವನ್ನು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಕಾಯಿಸಿದಾಗ ಇತರ ಬ್ಯಾಕ್ಟೀರಿಯಾಗಳು ಸತ್ತು, ಬೀಜಾಣುಗಳು ಉಳಿದವು. ಅವುಗಳನ್ನು ಜಲಜನಕ ತುಂಬಿದ ಪಾತ್ರೆಯಲ್ಲಿ ಬೆಳೆಸಿದರು. ಹೀಗೆ ದೊರೆತ ಶುದ್ಧ ತಳಿಯನ್ನು ಚುಚ್ಚಿದ ಪ್ರಾಣಿಗಳಲ್ಲಿ ಧನುರ್ವಾಯು ಕಾಣಿಸಿಕೊಂಡಿತು.

ಬೀಜಾಣುಗಳನ್ನು ರೂಪಿಸದ ಅವಾಯುವಿಕ ಬ್ಯಾಕ್ಟೀರಿಯಾಗಳಿಗೆ ಈ ಕಾಯಿಸುವ ವಿಧಾನ ಒದಗದು. ಗಾಳಿ ಸೋಕಿದರೆ ಅವುಗಳಲ್ಲಿ ಹಲವು ಸಾಯುವುದರಿಂದ, ರೋಗಿಯಿಂದ ಮಾದರಿ ತೆಗೆಯುವಾಗಲೂ ಸಾಗಿಸುವಾಗಲೂ ಆಮ್ಲಜನಕವನ್ನು ದೂರವಿಡುವುದು ಇಂದಿಗೂ ಅಗತ್ಯ.

ಶುದ್ಧ ತಳಿ ದೊರೆತದ್ದರಿಂದ ಅದರ ವಿಷದ ಅಧ್ಯಯನ ಸಾಧ್ಯವಾಯಿತು. 1890ರಲ್ಲಿ ಕಿಟಾಸಾಟೊ ಮತ್ತು ಎಮಿಲ್ ಫಾನ್ ಬೇರಿಂಗ್, ರೋಗನಿರೋಧ ಪಡೆದ ಪ್ರಾಣಿಯ ರಕ್ತಸಾರವು ಈ ವಿಷವನ್ನು ನಿಷ್ಕ್ರಿಯಗೊಳಿಸುತ್ತದೆ ಎಂದು ತೋರಿಸಿದರು. ಡಿಫ್ತೀರಿಯಾ ರಕ್ತಸಾರ ಚಿಕಿತ್ಸೆಗಾಗಿ 1901ರ ಮೊದಲ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬೇರಿಂಗ್ ಅವರೊಬ್ಬರಿಗೇ ಸಂದಿತು.

ನಂತರದ ಜೀವನ

1892ರಲ್ಲಿ ಸ್ವದೇಶಕ್ಕೆ ಮರಳಿದ ಇವರು, ಫುಕುಜಾವಾ ಯುಕಿಚಿ ಅವರ ನೆರವಿನಿಂದ ಸಾಂಕ್ರಾಮಿಕ ರೋಗಗಳ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಇವರೂ ಅಲೆಕ್ಸಾಂಡರ್ ಯೆರ್ಸಿನ್ ಅವರೂ ಪ್ರತ್ಯೇಕವಾಗಿ ಪ್ಲೇಗ್ ಬ್ಯಾಕ್ಟೀರಿಯಾ ಕಂಡುದಾಗಿ ಪ್ರಕಟಿಸಿದರು. ಕಿಟಾಸಾಟೊ ಅವರ ಮಾದರಿಗಳಲ್ಲಿ ಬೇರೆ ಬ್ಯಾಕ್ಟೀರಿಯಾ ಬೆರೆತಿತ್ತೆಂಬ ಸಂದೇಹ ಉಳಿದು, ಆ ಕುಲಕ್ಕೆ ಯೆರ್ಸಿನ್ ಅವರ ಹೆಸರೇ ನಿಂತಿತು.

ತಮ್ಮ ಸಂಸ್ಥೆಯನ್ನು ಸರ್ಕಾರ ಶಿಕ್ಷಣ ಸಚಿವಾಲಯದ ಅಧೀನಕ್ಕೆ ಒಪ್ಪಿಸಿದಾಗ, 1914ರಲ್ಲಿ ರಾಜೀನಾಮೆ ನೀಡಿ ಕಿಟಾಸಾಟೊ ಸಂಸ್ಥೆಯನ್ನು ಕಟ್ಟಿದರು. ಇವರು 1931ರಲ್ಲಿ ಟೋಕಿಯೊದಲ್ಲಿ ನಿಧನರಾದರು. 2024ರಿಂದ ಜಪಾನಿನ 1000 ಯೆನ್ ನೋಟಿನಲ್ಲಿ ಇವರ ಭಾವಚಿತ್ರವಿದೆ.