ನೈಟಿಂಗೇಲಳ ಕಣ್ಣು

ಸದಲಗಾದ ನಮ್ಮ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಾಗ, ರಾತ್ರಿ ನಿದ್ರೆ ಬಂದಿತೇ ಎಂದು ದಿನವೂ ಕೇಳುತ್ತಿದ್ದೆ. ನನ್ನ ಮನಸ್ಸನ್ನು ನೋಯಿಸಲಾರದೆ ಆಕೆ ತಲೆಯಾಡಿಸುತ್ತಿದ್ದಳು. ಕೇಳುವ ಆ ಬಗೆಯೇ ತಪ್ಪೆಂದು ತೋರಿಸಿಕೊಟ್ಟವಳು ಫ್ಲಾರೆನ್ಸ್ ನೈಟಿಂಗೇಲ್.

1820ರಲ್ಲಿ ಶ್ರೀಮಂತರ ಮನೆಯಲ್ಲಿ ಹುಟ್ಟಿ, ಮನೆಯವರ ವಿರೋಧವನ್ನು ಮೀರಿ ಶುಶ್ರೂಷೆಯನ್ನು ಕೈಕೊಂಡು, 1854ರಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ನಡೆದಳು. ಲೋಕವು ನೆನೆಯುವುದು ಅವಳ ಕೈದೀಪವನ್ನು. ನನಗೆ ಹಿರಿದೆನಿಸುವುದು ಅವಳ ಕಣ್ಣು. ಯುದ್ಧದಿಂದ ಮರಳಿ ತಾನೇ ರೋಗಿಯಾಗಿದ್ದವಳು, 1859ರಲ್ಲಿ ಶುಶ್ರೂಷೆಯನ್ನು ಕುರಿತ ಪುಸ್ತಕವನ್ನು ಹೊರತಂದಳು. ರೋಗಿಯು ಎಷ್ಟು ತಾಸು ಮಲಗಿದನು, ಯಾವ ಹೊತ್ತಿನಲ್ಲಿ, ಎಷ್ಟು ಉಂಡನು—ಇದನ್ನು ಗಮನಿಸದ ಮಮತೆಯಿಂದ ಅವನಿಗೇನೂ ಪ್ರಯೋಜನವಿಲ್ಲವೆಂಬುದು ಅವಳ ನಿಲುವು. 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆ ತೆರೆಯಿಸಿದಳು, 1910ರಲ್ಲಿ ತೀರಿಕೊಂಡಳು.

ಪುಸ್ತಕವನ್ನು ಓದಿದ ಮರುದಿನ, ಎಷ್ಟು ತಾಸು ನಿದ್ರೆಯಾಯಿತೆಂದು ಅವ್ವನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಎರಡು ಬೆರಳು ತೋರಿಸಿದಳು.